ಅಹ್ಲಿಯ ಮುಂದಿನ ಎರಡು

ನವೆಂಬರ್ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ. ಹ್ಯಾನೋವರ್‌ನಲ್ಲಿ ನಮ್ಮ ಬಡಾವಣೆಯ ಸಾಂಸ್ಕೃತಿಕ ಕೇಂದ್ರ, ನೆಲಮಹಡಿಯ ಹಾಲ್. ಹಾಜರಿದ್ದವರು ಇಬ್ಬರು: ಪ್ರದರ್ಶನದ ಹೊಣೆ ಹೊತ್ತಿದ್ದ ಜರ್ಮನ್ ಸಂಯೋಜಕಿ ಮತ್ತು ನಾನು. ಮೂರನೆಯವರು ಹಾಜರಿರಬೇಕಿತ್ತು, ಇರಲಿಲ್ಲ. ಅವರು ವೋಲ್ಫ್ಸ್‌ಬುರ್ಗ್‌ನಿಂದ ರೈಲಿನಲ್ಲಿ ಬರುವವರು. ರೈಲು ತಡವಾದರೂ ತಡ, ಆಗದಿದ್ದರೂ ತಡ.

ಮರುದಿನ ಸಂಜೆ ಉದ್ಘಾಟನೆ. ಅಚ್ಚಾದ ಫಲಕಗಳು ಹಿಂದಿನ ದಿನವೇ ಬಂದು ಗೋಡೆಗೆ ಒರಗಿದ್ದವು. ಅವನ್ನು ಒಂದೊಂದಾಗಿ ಮೇಜಿನ ಮೇಲೆ ಮಲಗಿಸಿ ಕಡೆಯ ಸಲ ಓದಿ, ತಪ್ಪಿದ್ದರೆ ತಿದ್ದಿ, ಗೋಡೆಗೆ ಏರಿಸುವುದು ಆ ದಿನದ ಕೆಲಸ.

ಪ್ರದರ್ಶನ ಒಂದು ಪೆಟ್ಟಿಗೆಯದು. ನಮ್ಮ ಬಡಾವಣೆಯಲ್ಲಿ ಬಹಳ ವರ್ಷ ಬಾಳಿದ ಒಬ್ಬ ಮಲಯ ಮನುಷ್ಯ ತೀರಿಕೊಂಡ ಮೇಲೆ ಅವನ ಜರ್ಮನ್ ಹೆಂಡತಿ ಆ ಪೆಟ್ಟಿಗೆಯನ್ನು ಕೇಂದ್ರಕ್ಕೆ ತಂದುಕೊಟ್ಟಿದ್ದಳು. ಅವನು ಹಡಗಿನ ಯಂತ್ರದ ಕೋಣೆಯಲ್ಲಿ ಕೆಲಸ ಮಾಡುತ್ತ ಬಂದವನು, ಇಲ್ಲಿ ಇಳಿದು ಕಾರ್ಖಾನೆ ಸೇರಿದವನು. ಅದಕ್ಕೂ ಮೊದಲು, ಮೀಸೆ ಚಿಗುರುವ ವಯಸ್ಸಿನಲ್ಲಿ, ಅವನು ತನ್ನ ಊರಿನ ಒಂದು ಸಣ್ಣ ಪಕ್ಷದ ಸದಸ್ಯನಾಗಿದ್ದ. ಪೆಟ್ಟಿಗೆಯಲ್ಲಿದ್ದದ್ದು ಆ ಪಕ್ಷದ ಕರಪತ್ರಗಳು, ಫೋಟೋಗಳು, ಒಂದು ಬಟ್ಟೆಯ ಬ್ಯಾನರ್.

ಪಕ್ಷದ ಹೆಸರು ಇಲ್ಲಿ ಬೇಡ. ಬರೆದರೂ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಸಮುದ್ರದ ದಂಡೆಯ ಊರೊಂದರಲ್ಲಿ ಸಾಲಿ ಮಾಸ್ತರರು, ಸೈಕಲ್ ಅಂಗಡಿಯವರು, ಮೀನು ಮಾರುಕಟ್ಟೆಯ ಗುಮಾಸ್ತರು ಸೇರಿ ಕಟ್ಟಿದ್ದು. ಬ್ರಿಟಿಷರು ಹೊರಡಬೇಕು, ಮಲಯ ಭಾಷೆಯೇ ನಾಡಿನ ಭಾಷೆಯಾಗಬೇಕು, ಅರಸು ಮನೆತನದವರ ಕೈಯಲ್ಲಿರುವ ದೊಡ್ಡ ಪಕ್ಷ ಮಲಯ ಜನರನ್ನು ಅಗ್ಗಕ್ಕೆ ಮಾರುತ್ತಿದೆ. ಇಷ್ಟೇ ಅವರ ಮಾತು. ಚುನಾವಣೆಗೆ ನಿಂತರು, ಸೋತರು. ಆಮೇಲೆ ಆ ದೊಡ್ಡ ಪಕ್ಷವೇ ‘ಬನ್ನಿ, ನಮ್ಮಲ್ಲಿ ಸೇರಿ’ ಎಂದು ಕರೆಯಿತು. ಅಧ್ಯಕ್ಷರು ಒಪ್ಪಿದರು. ಒಪ್ಪಿದ ಮೇಲೆ ಸದಸ್ಯರು ಏನು ಮಾಡಿದರು ಎನ್ನುವುದು ನಮ್ಮ ಕೊನೆಯ ಫಲಕದ ವಿಷಯ.

ನನ್ನನ್ನು ಕರೆದದ್ದು ಲಿಪಿಯ ಕಾರಣಕ್ಕೆ. ಹಳೆಯ ಮಲಯ ಬರಹ ಅರಬ್ಬೀ ಅಕ್ಷರದಲ್ಲಿರುತ್ತದೆ. ಅದಕ್ಕೆ ಜಾವಿ ಎನ್ನುತ್ತಾರೆ. ವಿಜಯಪುರದ ಅಚ್ಚುಕೂಟದಲ್ಲಿ ಕನ್ನಡ, ಮರಾಠಿ, ಉರ್ದು ಮೂರನ್ನೂ ತಿದ್ದಿದ ಕಣ್ಣು ನನ್ನದು. ಉರ್ದುವಿನಲ್ಲಿ ಇಲ್ಲದ ನಾಲ್ಕಾರು ಅಕ್ಷರ ಜಾವಿಯಲ್ಲಿವೆ. ಫೆ ಅಕ್ಷರಕ್ಕೆ ಮೂರು ಚುಕ್ಕೆ ಇಟ್ಟರೆ ಪ, ಐನ್ ಅಕ್ಷರಕ್ಕೆ ಮೂರು ಚುಕ್ಕೆ ಇಟ್ಟರೆ ಮೂಗಿನಿಂದ ಬರುವ ಙ. ಅವನ್ನು ಒಂದು ಹಾಳೆಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಂಡೆ. ನಾನು ಅಕ್ಷರ ಹೇಳುವುದು, ಸಂಯೋಜಕಿ ಅದನ್ನು ಕಂಪ್ಯೂಟರಿನ ಮಲಯ ಡಿಕ್ಷನರಿಗೆ ಹಾಕಿ ಅರ್ಥ ತೆಗೆಯುವುದು. ಮೊದಲು ಮಾಡಿದ್ದು ಫೋಟೋಗಳ ಅಡಿಬರಹ, ಸಣ್ಣವು ಎಂದು. ಕೆಲಸ ಅಚ್ಚುಕಟ್ಟಾಗಿ ನಡೆದಿತ್ತು.

ಆಗ ಬಂದರು ಮಲಯಾ ಕಾಕಾ.

ಇದು ನಾನಿಟ್ಟ ಹೆಸರಲ್ಲ. ವೋಲ್ಫ್ಸ್‌ಬುರ್ಗ್‌ನ ಕನ್ನಡ ಮನೆಗಳಲ್ಲಿ ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಾರೆ. ಹುಬ್ಬಳ್ಳಿ ಕಡೆಯವರು. ಪ್ರಾಯದಲ್ಲಿ ಮಲೇಶಿಯಾದ ತಾಳೆ ಎಣ್ಣೆ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದರು, ಈಗ ಮಗನ ಮನೆಯಲ್ಲಿದ್ದಾರೆ. ಮಲಯ ಭಾಷೆ ಅವರ ನಾಲಗೆಯ ಮೇಲೆ ನೀರು. ಆದರೆ ಜಾವಿಯ ಒಂದು ಅಕ್ಷರ ಬಾರದು, ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದನ್ನು ಮಾತ್ರ ಓದುವವರು.

ಮೊದಲ ದಿನವೇ ನನ್ನ ಮೇಜಿನ ಮೇಲೆ ಬಗ್ಗಿ ನೋಡಿ, “ಏನ್ರಿ ಸಾಹೇಬ್ರ, ಮಲಯ ಬರ್ತದೇನ್ರಿ ನಿಮಗ?” ಎಂದರು.

“ಅಕ್ಷರ ಬರ್ತಾವ. ಅರ್ಥ ಡಿಕ್ಷನರಿ ಹೇಳ್ತದ.”

“ಹಂಗಾರ ಗಾದಿ ಮಾತು ಖರೇ ಆತು. ನಿಮ್ಮ ಕಡೆ ಕಡ್ಲಿ ಅದಾವ, ಹಲ್ಲಿಲ್ಲ. ನನ್ನ ಕಡೆ ಹಲ್ಲದಾವ, ಕಡ್ಲಿ ಇಲ್ಲ.” ತಮ್ಮ ಮಾತಿಗೆ ತಾವೇ ನಕ್ಕರು. ಸಂಯೋಜಕಿಗೆ ಅದನ್ನು ಜರ್ಮನ್‌ನಲ್ಲಿ ಹೇಳಿ ಅವಳನ್ನೂ ನಗಿಸಿದರು.

ಅಷ್ಟು ದಿನ ಜೊತೆಗೆ ಕೆಲಸ ಮಾಡಿದರೂ ಆ ಹುಡುಗಿ ನನ್ನೆದುರು ಹಾಗೆ ಹಲ್ಲು ತೋರಿಸಿ ನಕ್ಕಿರಲಿಲ್ಲ. ನನ್ನನ್ನು ‘ಹೆರ್’ ಹಚ್ಚಿ, ಮನೆತನದ ಹೆಸರು ಹಿಡಿದು ಕರೆಯುತ್ತಿದ್ದವಳು ವಾರ ತುಂಬುವ ಮೊದಲೇ ಅವರನ್ನು ‘ಪಾಕ್’ ಎನ್ನತೊಡಗಿದಳು. ಮಲಯದಲ್ಲಿ ಕಾಕಾ ಅಂದ ಹಾಗೆ. ಅವರ ಚಹಾಕ್ಕೆಂದು ಡಬ್ಬಿಯ ಗಟ್ಟಿಹಾಲು ತಂದಿಟ್ಟಳು. ನಾನು ದಿನಾ ಕೋಟು ತೂಗುಹಾಕುವ ಗೂಟದ ಮೇಲೆ ಅವರ ಟೋಪಿ ಬಂತು. ನಾನು ಏನೂ ಅನ್ನಲಿಲ್ಲ. ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿದೆ. ಅದು ದಿನವಿಡೀ ನನ್ನ ಬೆನ್ನಿಗೆ ಒತ್ತುತ್ತಿತ್ತು.

ಕೆಲಸ ಹಂಚಿದ್ದು ನಾನೇ. “ಜಾವಿ ನಂದು, ಇಂಗ್ಲಿಷ್ ಅಕ್ಷರದ್ದು ನಿಮ್ಮದು. ಒಬ್ಬರದ್ರಾಗ ಇನ್ನೊಬ್ಬರು ಕೈ ಹಾಕೋದು ಬ್ಯಾಡ” ಎಂದೆ. ಪಕ್ಷದ ಕಡೆಯ ಕಾಲದ ಕರಪತ್ರಗಳು ಇಂಗ್ಲಿಷ್ ಅಕ್ಷರದಲ್ಲಿದ್ದವು. ಅವರು “ಆತ್ರಿ, ಹಂಗ ಆಗ್ಲಿ” ಎಂದರು. ಅವರಿಗೆ ಯಾವುದೂ ಬೇಸರವಿಲ್ಲ. ಅದನ್ನೂ ನನಗೆ ಸಹಿಸಲಾಗದು.

ಇನ್ನೊಂದು ವಿಷಯವಿತ್ತು, ಫ್ಯೂರುಂಗ್. ಉದ್ಘಾಟನೆಯ ದಿನ ಒಬ್ಬರು ಜನರನ್ನು ಫಲಕದಿಂದ ಫಲಕಕ್ಕೆ ಕರೆದೊಯ್ದು ವಿವರಿಸುತ್ತಾರೆ. ಮೊದಲು ಅದು ನನಗೆಂದೇ ಇತ್ತು. ಕಾಕಾ ಬಂದ ಮೇಲೆ ಸಂಯೋಜಕಿ, “ನೋಡೋಣ, ಫಲಕಗಳೆಲ್ಲ ಬರಲಿ” ಎನ್ನತೊಡಗಿದ್ದಳು. ನೋಡುವುದಕ್ಕೆ ಏನಿದೆ? ನಾನು ನನ್ನ ಭಾಷಣವನ್ನು ಜರ್ಮನ್‌ನಲ್ಲಿ ಬರೆಸಿಕೊಂಡು, ಬೆಳಗಿನ ನಮಾಜಾದ ಮೇಲೆ ದಿನವೂ ಅಡುಗೆಮನೆಯಲ್ಲಿ ಬಾಯಿಪಾಠ ಮಾಡುತ್ತಿದ್ದೆ. ಅದರ ತಿರುಳು ಕೊನೆಯ ಫಲಕದ ಫೋಟೋ: “ತ್ಸ್ವೈ ಮಿಟ್‌ಗ್ಲೀಡರ್”, ಇಬ್ಬರು ಸದಸ್ಯರು. ಇಡೀ ಪಕ್ಷ ಅಧ್ಯಕ್ಷರ ಹಿಂದೆ ದೊಡ್ಡ ಪಕ್ಷಕ್ಕೆ ನಡೆದಾಗ ಇಬ್ಬರು ಮಾತ್ರ ಎದ್ದು ಹೊರಗೆ ಹೋದರು. ಒಬ್ಬ ತೆಳ್ಳಗೆ, ಒಬ್ಬ ದಪ್ಪಗೆ, ಇಬ್ಬರೂ ಕುರ್ಚಿಯ ಮೇಲೆ. ಆ ಇಬ್ಬರನ್ನು ನಾನು ಚೆನ್ನಾಗಿ ಬಲ್ಲವನಂತೆ ಮಾತಾಡಬಲ್ಲವನಾಗಿದ್ದೆ.

ಈಗ ಆ ಗುರುವಾರಕ್ಕೆ ಬರುತ್ತೇನೆ.

ಅಚ್ಚುಕೂಟದ ಪಾಠವೊಂದಿದೆ: ಕಡೆಯ ಪ್ರೂಫನ್ನು ಒಬ್ಬನೇ ಓದಬಾರದು. ಕಾಪಿ ಹಿಡಿದವನು ಮೂಲವನ್ನು ಗಟ್ಟಿಯಾಗಿ ಓದಬೇಕು, ರೀಡರ್ ಕೇಳುತ್ತ ಪ್ರೂಫಿನ ಮೇಲೆ ಕಣ್ಣಾಡಿಸಬೇಕು. ಕಣ್ಣು ತಾನು ಬಯಸಿದ್ದನ್ನು ಓದಿಕೊಳ್ಳುತ್ತದೆ, ಕಿವಿ ಹಾಗೆ ಮಾಡುವುದಿಲ್ಲ. ಆದರೆ ಕಾಕಾ ಬಂದಿರಲಿಲ್ಲ, ಸಂಯೋಜಕಿ ಫೋನಿನಲ್ಲಿದ್ದಳು. ನಾನು ಒಬ್ಬನೇ ಶುರು ಮಾಡಿದೆ. ಮೊದಲು ಎತ್ತಿಕೊಂಡದ್ದು ಕಾಕಾ ಅವರ ಫಲಕ.

ಸಿಕ್ಕಿತು.

ಕರಪತ್ರದಿಂದ ತೆಗೆದ ಮಲಯ ಸಾಲುಗಳನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದ್ದರು. ಒಂದು ಸಾಲಿನ ಕೊನೆಯಲ್ಲಿ ‘ಕಾವನ್’, ಮುಂದಿನ ಸಾಲಿನ ಮೊದಲಿಗೆ ಮತ್ತೆ ‘ಕಾವನ್’. ನಾವು ಅದಕ್ಕೆ ಡಬಲ್ ಎನ್ನುತ್ತಿದ್ದೆವು. ಅಚ್ಚಿನ ಮೊಳೆ ಜೋಡಿಸುವವನು ಸಾಲು ಮುಗಿಸಿ ಕಣ್ಣೆತ್ತಿ ಮತ್ತೆ ಇಳಿಸುವಾಗ ಅದೇ ಪದವನ್ನು ಇನ್ನೊಮ್ಮೆ ಜೋಡಿಸಿಬಿಡುತ್ತಾನೆ. ಅದು ಬೀಳುವ ಜಾಗವೇ ಸಾಲಿನ ತುದಿ. ಎರಡು ಸಲ ಬಂದ ಪದ ಕಂಡರೆ ಒಂದನ್ನು ಹೊಡೆದುಹಾಕುವುದು ನನ್ನ ಕೈಯ ಚಾಳಿ. ಹಳದಿ ಚೀಟಿಯೊಂದನ್ನು ಅಂಟಿಸಿ, ಎರಡನೆಯ ‘ಕಾವನ್’ ಅಳಿಸಬೇಕೆಂದು ಗುರುತು ಹಾಕಿದೆ. ಹಾಗೆ ಗುರುತು ಹಾಕುವಾಗ ಬಹಳ ದಿನದ ನಂತರ ಮೈ ಹಗುರಾಯಿತು.

ಸಂಯೋಜಕಿ ಫೋನಿಟ್ಟು ಬಂದಾಗ ತೋರಿಸಿದೆ. ಅವಳ ಮುಖ ಬಾಡಿತು.

“ಪಾಕ್ ಇದನ್ನು ನೋಡಲಿಲ್ಲವೇ?”

“ಅವರು ಅವಸರದಲ್ಲಿ ನೋಡುತ್ತಾರೆ,” ಎಂದೆ.

ಅವಳು ಹಳದಿ ಚೀಟಿಯನ್ನು ಇನ್ನೊಮ್ಮೆ ನೋಡಿದಳು. “ಹಾಗಾದರೆ ನಾಳೆಯ ಫ್ಯೂರುಂಗ್ ನೀವೇ ಮಾಡಿ. ನನಗೆ ಕರಾರುವಾಕ್ಕಾದವರು ಬೇಕು. ಪಾಕ್‌ಗೆ ನಾನು ಹೇಳುತ್ತೇನೆ.” ಗೋಡೆಯ ಕೊಕ್ಕೆಗಳು ಕಡಿಮೆ ಬಿದ್ದಿದ್ದವು. ತರಲು ಸೈಕಲ್ ಏರಿ ಹೋದಳು.

ಬಯಸಿದ್ದು ಕೈಗೆ ಬಂದಿತ್ತು. ನಾನು ಎದ್ದು ಹೋಗಿ ನನ್ನ ಕೋಟನ್ನು ನನ್ನ ಗೂಟಕ್ಕೆ ತೂಗುಹಾಕಿ ಬಂದೆ.

ಕಾಕಾ ಬಂದದ್ದು ಆಮೇಲೆ, ಕೈಯಲ್ಲಿ ಬೇಕರಿಯ ಕಾಗದದ ಚೀಲ. “ರೈಲ್ ಅರ್ಧ ದಾರ್‍ಯಾಗ ನಿಂತುಬಿಡ್ತ್ರಿ ಸಾಹೇಬ್ರ. ಯಾಕಂತ ಅದಕ್ಕೂ ಗೊತ್ತಿಲ್ಲ, ಡ್ರೈವರ್‌ಗೂ ಗೊತ್ತಿಲ್ಲ.” ಟೋಪಿ ತೆಗೆದು ಗೂಟದ ಕಡೆ ಹೋದರು, ಕೋಟು ಕಂಡು ಕಿಟಕಿಯ ಹಿಡಿಕೆಗೆ ಸಿಕ್ಕಿಸಿದರು.

“ಕಾಕಾ, ನಿಮ್ಮ ಫಲಕದಾಗ ಒಂದು ಡಬಲ್ ಬಿದ್ದದ,” ಎಂದೆ. ದನಿ ಆದಷ್ಟು ಸಾದಾ ಇಟ್ಟೆ.

ಅವರು ಕನ್ನಡಕ ಏರಿಸಿ ನೋಡಿದರು. ನೋಡಿ ಹೊಟ್ಟೆ ಹಿಡಿದು ನಕ್ಕರು. “ಇದು ಡಬಲ್ ಅಲ್ರಿ ಯಪ್ಪಾ! ಕಾವನ್ ಅಂದ್ರ ಗೆಳ್ಯಾ. ಕಾವನ್-ಕಾವನ್ ಅಂದ್ರ ಗೆಳ್ಯಾರು. ಅವರ ಭಾಷಾದಾಗ ಬಹುವಚನ ಹಂಗ. ಎರಡು ಸಲ ಅಂದ್ರ ಬಹಳ ಆದಂಗ. ನಾವು ಮನಿ ಮನಿ ತಿರುಗಿದೆ ಅನ್ನಂಗಿಲ್ಲೇನು? ನೀವು ಒಂದನ್ನ ಹೊಡದ್ರ ಪಾಪ, ಇಡೀ ಪಕ್ಷಕ್ಕ ಒಬ್ಬನ ಗೆಳ್ಯಾ ಉಳೀತಾನ.”

ನಾನು ಹಳದಿ ಚೀಟಿಯ ಮೇಲೆ ಅಂಗೈ ಇಟ್ಟೆ.

“ಮೂಲದಾಗ ಇನ್ನೂ ಮಜಾ ಅದ ನೋಡ್ರಿ,” ಎಂದು ತಮ್ಮ ಕಡತದಿಂದ ಆ ಕರಪತ್ರ ತೆಗೆದರು. “ಎರಡು ಸಲ ಬರಿಯೂ ಬ್ಯಾಸರಕ್ಕ ಅವರು ಒಂದ ಸಲ ಬರದು ಮುಂದ ಎರಡು ಹಾಕ್ತಾರ. ಇಲ್ಲಿ, ಕಾವನ್ ಎರಡು. ಓದೂದು ಮಾತ್ರ ಕಾವನ್-ಕಾವನ್. ಫಲಕಕ್ಕ ನಾನ ಬಿಡಿಸಿ ಬರದೆ, ಜರ್ಮನ್ ಮಂದಿಗೆ ತಿಳೀಲಿ ಅಂತ. ಚಹಾ ಇಡ್ಲೇನ್ರಿ?”

ಅವರು ಚಹಾ ಇಡಲು ಒಳಗೆ ಹೋದರು. ನಾನು ಹಳದಿ ಚೀಟಿಯನ್ನು ಕಿತ್ತು ಮಡಚಿ ಜೇಬಿಗೆ ಹಾಕಿದೆ. ಅವಮಾನ ಒಂದು ಕಡೆ. ಆದರೆ ನನ್ನನ್ನು ಕಾಡಿದ್ದು ಅದಲ್ಲ, ಕರಪತ್ರದಲ್ಲಿದ್ದ ಆ ಎರಡರ ಅಂಕಿ.

ಕೊನೆಯ ಫಲಕದ ಹತ್ತಿರ ಹೋದೆ. ಅದರಲ್ಲಿ ಇಬ್ಬರು ಮಾತ್ರ ಇದ್ದರು, ತೆಳ್ಳಗಿನವನು ಮತ್ತು ದಪ್ಪಗಿನವನು, ಕುರ್ಚಿಯ ಮೇಲೆ. ಮೂಲದ ಫೋಟೋ ಹಾಗಿರಲಿಲ್ಲ. ಅದು ಸ್ಟುಡಿಯೋದ ದೊಡ್ಡ ಗುಂಪು ಫೋಟೋ. ಮುಂದೆ ನೆಲದ ಮೇಲೆ ಕೂತವರು, ನಡುವೆ ಕುರ್ಚಿಯ ಮೇಲೆ ಇಬ್ಬರು, ಹಿಂದೆ ನಿಂತವರ ಎರಡು ಸಾಲು. ಅಡಿಯಲ್ಲಿ ಬಿಳಿಯ ಜಾವಿ ಬರಹ. ಆ ಬರಹವನ್ನು ನಾನು ಅಕ್ಷರ ಅಕ್ಷರ ಓದಿದ್ದೆ: ಅಹ್ಲಿ, ಎರಡು, ಯಾಂಗ್ ಕೆಲುವಾರ್. ಡಿಕ್ಷನರಿ ಹೇಳಿತ್ತು: ಸದಸ್ಯ, ಹೊರಗೆ ಹೋದ. ಅಹ್ಲಿ ಎನ್ನುವ ಪದಕ್ಕೆ ಡಿಕ್ಷನರಿಯೂ ಬೇಕಿರಲಿಲ್ಲ. ಉರ್ದುವಿನ ‘ಅಹಲ್’ ನನಗೆ ಮನೆಯ ಮಾತು. ಎರಡು ಎಂದರೆ ಎರಡು. ಎರಡು ಕುರ್ಚಿ, ಎರಡು ಜನ. ಉಳಿದವರು ಇವರನ್ನು ಬೀಳ್ಕೊಡಲು ನಿಂತವರು ಎಂದು ಸಂಯೋಜಕಿಗೆ ವಿವರಿಸಿದ್ದೂ ನಾನೇ. ನನ್ನ ಮಾತು ನಂಬಿ ಅವಳು ಫೋಟೋವನ್ನು ಎರಡು ಕುರ್ಚಿಗೆ ಕತ್ತರಿಸಿದ್ದಳು.

ಭೂತಗನ್ನಡಿ ತೆಗೆದು ಮೂಲವನ್ನು ನೋಡಿದೆ. ಎರಡರ ಅಂಕಿ ಅಹ್ಲಿಗೆ ಅಂಟಿಕೊಂಡು, ಸ್ವಲ್ಪ ಮೇಲಕ್ಕೆ, ಸಣ್ಣಗೆ ನಿಂತಿತ್ತು. ಲೆಕ್ಕದ ಅಂಕಿ ಹಾಗೆ ನಿಲ್ಲುವುದಿಲ್ಲ. ಹಾಗೆ ನಿಲ್ಲುವ ಎರಡನ್ನು ನಾನು ಬೇರೆಲ್ಲೋ ನೋಡಿದ್ದೆ.

ನಮ್ಮ ಊರ ಕಡೆ ಮೊಹರಂ ಬಂತೆಂದರೆ ರಿವಾಯತ್ ಪದಗಳ ಸಣ್ಣ ಪುಸ್ತಕಗಳು ಅಚ್ಚಾಗುತ್ತಿದ್ದವು. ಸಾಬರೂ ಗೌಡರೂ ಕೂಡಿ ಹಾಡುವ ಕನ್ನಡ ಪದಗಳು. ಪಲ್ಲವಿಯ ತುದಿಗೆ ಸಣ್ಣದೊಂದು ಎರಡು ಹಾಕುತ್ತಿದ್ದೆವು, ಎರಡು ಸಲ ಹಾಡಿರಿ ಎಂದು. ಹೊಸದಾಗಿ ಮೇಳ ಸೇರಿದವನು ಯಾರಾದರೂ ಅದನ್ನು ‘ಎರಡು’ ಎಂದೇ ಹಾಡಿಬಿಟ್ಟರೆ ಓಣಿಯೇ ನಗುತ್ತಿತ್ತು. ಅಹ್ಲಿಯ ಮುಂದೆ ನಾನು ಹಾಡಿದ್ದು ಅದೇ.

ಇಬ್ಬರಲ್ಲ. ಸದಸ್ಯರು. ಫೋಟೋದಲ್ಲಿದ್ದ ಅಷ್ಟೂ ಜನ.

ಯಾರಿಗೂ ಗೊತ್ತಿರಲಿಲ್ಲ. ಸಂಯೋಜಕಿಗೆ ಲಿಪಿ ಬಾರದು. ಕಾಕಾಗೂ ಬಾರದು, ಅಲ್ಲದೆ ಆ ಫಲಕಕ್ಕೆ ಅವರು ಕೈ ಹಾಕದಂತೆ ಬೇಲಿ ಹಾಕಿದವನು ನಾನೇ. ನಾಳೆ ಸಂಜೆ ನಾನು ಇಬ್ಬರ ಕಥೆ ಹೇಳಿದರೆ ಎಲ್ಲರೂ ತಲೆದೂಗುತ್ತಾರೆ. ನಿಜ ಹೇಳಿದರೆ ಫ್ಯೂರುಂಗ್ ಹೋಗುತ್ತದೆ, ಅದೂ ಆ ಮನುಷ್ಯನಿಗೆ. ಇಷ್ಟನ್ನೂ ನಾನು ತಣ್ಣಗೆ ಯೋಚಿಸಿದೆ. ಬೇರೆ ಯಾರಿಗಾದರೂ ಹೋಗುವುದಾಗಿದ್ದರೆ ಇಷ್ಟು ಹೊತ್ತು ಯೋಚಿಸುತ್ತಿರಲಿಲ್ಲ. ಫಲಕವನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದೆ.

ಆಗ ಬಾಗಿಲು ತೆರೆಯಿತು. ಪೆಟ್ಟಿಗೆ ಕೊಟ್ಟ ಹೆಂಗಸು ಬಂದಳು, ನನ್ನದೇ ವಯಸ್ಸಿನವಳು, ಕೈಯಲ್ಲಿ ಸೇಬಿನ ಕೇಕಿನ ತಟ್ಟೆ. ಜನ ಸೇರುವ ಮೊದಲು ಒಮ್ಮೆ ನೋಡಿಕೊಂಡು ಹೋಗುತ್ತೇನೆ ಎಂದಳು. ನಿಧಾನವಾಗಿ ಎಲ್ಲ ಫಲಕ ನೋಡಿದಳು. ಕೊನೆಯದನ್ನು ತಾನೇ ತಿರುಗಿಸಿಕೊಂಡಳು.

ಅವಳಿಗೂ ನನಗೂ ಈ ಫೋಟೋದ ವಿಷಯದಲ್ಲಿ ಹಿಂದೆ ಸಂಯೋಜಕಿಯ ಮೂಲಕ ಮಾತಾಗಿತ್ತು. “ನನ್ನ ಗಂಡ ಇದರಲ್ಲಿದ್ದಾನೆ. ಆ ದೊಡ್ಡ ಪಕ್ಷದ ಕುರ್ಚಿಯಲ್ಲಿ ನಾನು ಒಂದು ದಿನವೂ ಕೂತಿಲ್ಲ, ನಾವು ಎದ್ದು ಬಂದೆವು ಅನ್ನುತ್ತಿದ್ದ,” ಎಂದಿದ್ದಳು. “ಬರಹ ಬೇರೆ ಹೇಳುತ್ತದೆ. ಇಬ್ಬರು ಮಾತ್ರ,” ಎಂದಿದ್ದೆ ನಾನು. ಅವಳು ವಾದಿಸಿರಲಿಲ್ಲ. ಬರಹದ ಮುಂದೆ ಯಾರು ವಾದಿಸುತ್ತಾರೆ?

ಈಗಲೂ ವಾದಿಸಲಿಲ್ಲ. ನನಗೆ ತಿಳಿಯಲೆಂದು ಸಣ್ಣ ಸಣ್ಣ ಮಾತಿನಲ್ಲಿ ಹೇಳಿದಳು. “ಚೆನ್ನಾಗಿದೆ. ಎಲ್ಲ ಚೆನ್ನಾಗಿ ಮಾಡಿದ್ದೀರಿ. ನಾಳೆ ನನಗೆ ಮುಂದಿನ ಕುರ್ಚಿ ಬೇಡ. ನಾನು ಹಿಂದೆ, ಬಾಗಿಲ ಹತ್ತಿರ ನಿಲ್ಲುತ್ತೇನೆ.”

ಕಾಕಾ ಚಹಾದ ತಟ್ಟೆ ಹಿಡಿದು ಅದೇ ಹೊತ್ತಿಗೆ ಬಂದರು. ನಾನು ಆ ತಟ್ಟೆಯನ್ನು ಅವರ ಕೈಯಿಂದ ತೆಗೆದು ಮೇಜಿನ ಮೇಲಿಟ್ಟೆ.

“ಕಾಕಾ, ಕುಂದರ್ರಿ. ಈ ಫೋಟೋದ ಬರಹ ನಾನು ಓದ್ತೀನಿ, ನೀವು ಕೇಳ್ರಿ.”

“ಜಾವಿ ನಿಮ್ಮದಲ್ರಿ?”

“ಕೇಳ್ರಿ ಅಂದೆ.”

ಓದಿದೆ. “ಅಹ್ಲಿ. ಮುಂದ ಎರಡು ಅಂತ ಬರದದ. ಯಾಂಗ್ ಕೆಲುವಾರ್.”

ಕಾಕಾ ತಕ್ಷಣ ನಗಲಿಲ್ಲ. ಕುರ್ಚಿಯ ಮೇಲೆ ಮುಂದಕ್ಕೆ ಬಂದರು. “ಎರಡು ಎಲ್ಲದ? ತೋರಿಸ್ರಿ.” ನಾನು ಬೆರಳಿಟ್ಟೆ. “ಇದಾ ಎರಡು? ಸಾಹೇಬ್ರ, ಇದು ಅಹ್ಲಿ-ಅಹ್ಲಿ. ಅಹ್ಲಿ-ಅಹ್ಲಿ ಯಾಂಗ್ ಕೆಲುವಾರ್. ಬಿಟ್ಟು ಹೋದ ಸದಸ್ಯರು. ಫಲಕದಾಗ ಇಬ್ಬರು ಅಂತ ಬರದದಲ್ಲ, ಆ ಇಬ್ಬರು ಎಲ್ಲಿಂದ ಬಂದ್ರು?”

“ನನ್ನಿಂದ ಬಂದ್ರು.”

ಅವರು ನನ್ನ ಮುಖ ನೋಡಿದರು. ಆಮೇಲೆ ಆ ಹೆಂಗಸಿನ ಮುಖ ನೋಡಿದರು. ಅವಳಿಗೆ ಕನ್ನಡ ತಿಳಿಯದು, ಆದರೆ ಏನೋ ನಡೆಯುತ್ತಿದೆ ಎಂದು ತಿಳಿದಿತ್ತು.

“ಆಕಿಗೆ ಹೇಳಬೇಕು,” ಎಂದೆ. ಹೇಳಲು ಬಾಯಿ ತೆರೆದೆ ಕೂಡ. ನನಗೆ ಬರುತ್ತಿದ್ದ ಜರ್ಮನ್ ಎಲ್ಲ ಆ ಭಾಷಣದ್ದು. ನಾಲಗೆಗೆ ಬಂದದ್ದು ‘ತ್ಸ್ವೈ ಮಿಟ್‌ಗ್ಲೀಡರ್’ ಒಂದೇ. “ನೀವ ಹೇಳ್ರಿ ಕಾಕಾ,” ಎಂದೆ. ಆ ದಿನ ಮಾಡಿದ ಕೆಲಸಗಳಲ್ಲೆಲ್ಲ ಭಾರವಾದದ್ದು ಈ ಮೂರು ಪದ.

ಅವರು ಹೇಳಿದರು. ಎದ್ದು ನಿಂತು, ಟೋಪಿಯಿಲ್ಲದ ತಲೆಯನ್ನು ಸ್ವಲ್ಪ ಬಗ್ಗಿಸಿ, ಮೆಲ್ಲಗೆ. ನಡುವೆ ನನ್ನ ಕಡೆ ಕೈ ತೋರಿಸಿದರು. ಅವರ ಜರ್ಮನ್ ಅಷ್ಟಿಷ್ಟು ತಿಳಿಯಿತು: ಇವರು ಈಗ ಕಂಡುಹಿಡಿದರು, ಕಡೆಯ ಸಲ ಓದುವಾಗ, ಇವರು ಓದದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಪ್ಪು ಯಾರದೆಂದು ಅವರ ಮಾತಿನಲ್ಲಿ ಎಲ್ಲಿಯೂ ಬರಲಿಲ್ಲ. ಆ ದೊಡ್ಡತನಕ್ಕೂ ನನಗೆ ಹೊಟ್ಟೆ ಉರಿಯಿತು. ಅದನ್ನಾದರೂ ನನಗೆ ಬಿಡಬಹುದಿತ್ತು.

ಹೆಂಗಸು ಮೂಲದ ಫೋಟೋ ಕೇಳಿದಳು. ಭೂತಗನ್ನಡಿ ಅವಳ ಕೈಗೆ ಕೊಟ್ಟೆ. ಹುಡುಕಬೇಕಾಗಲಿಲ್ಲ. ಹಿಂದಿನ ಸಾಲಿನ ಬಲತುದಿ, ಎದುರಿನವನ ಹೆಗಲ ಹಿಂದೆ ಅರ್ಧ ಮುಖ, ತುಸು ಓರೆಯಾದ ಕಪ್ಪು ಟೋಪಿ. ಅದರ ಮೇಲೆ ಬೆರಳಿಟ್ಟಳು. “ನಾವು,” ಎಂದಳು. “ಅವನು ಯಾವಾಗಲೂ ‘ನಾವು’ ಅನ್ನುತ್ತಿದ್ದ.”

“ಹಳ್ಳಿ ಹಳ್ಳಿ ಚಹಾದಂಗಡ್ಯಾಗ ಇಂಥವರು ಒಬ್ಬೊಬ್ಬರು ಇರ್ತಿದ್ರು,” ಎಂದರು ಕಾಕಾ ನನಗೆ, ಕನ್ನಡದಲ್ಲಿ. “ಪಕ್ಷ ಹೋದ ಮ್ಯಾಲೂ ಪಕ್ಷದ ಮಾತು. ನಮ್ಮಂಥವರನ್ನ ಹೊರಗಿನವರು, ಹೊಟ್ಟೀಗೆ ಬಂದವರು ಅಂತ ಬೈತಿದ್ರು. ಬೈದು ಚಹಾ ಕುಡಿಸ್ತಿದ್ರು. ರೊಕ್ಕ ಕೊಡಾಕ ಬಿಡ್ತಿರಲಿಲ್ಲ.”

ಸಂಯೋಜಕಿ ಕೊಕ್ಕೆಗಳೊಂದಿಗೆ ಬಂದಾಗ ನಾನೇ ಹೇಳಿದೆ, ಇಂಗ್ಲಿಷಿನಲ್ಲಿ: ‘ಕಾವನ್’ ತಪ್ಪಲ್ಲ, ಫೋಟೋ ತಪ್ಪು. ಅವಳು ಕೊಕ್ಕೆಯ ಪೊಟ್ಟಣ ಹಿಡಿದೇ ನಿಂತಳು. ದೊಡ್ಡ ಫಲಕವನ್ನು ಮತ್ತೆ ಅಚ್ಚು ಹಾಕಿಸಲು ಹೊತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನನಗೆ ಗೊತ್ತು. ಕತ್ತರಿಸಿದ ಚಿತ್ರದ ಮೇಲೆ ಪೂರ್ಣ ಚಿತ್ರ ಅಂಟಿಸುವುದು, ಬರಹದ ಮೇಲೆ ಹೊಸ ಬರಹದ ಪಟ್ಟಿ ಕೂರಿಸುವುದು. ಪುಸ್ತಕವಾಗಿದ್ದರೆ ತಪ್ಪು-ಒಪ್ಪುಗಳ ಹಾಳೆ, ಒಪ್ಪೋಲೆ, ಸೇರಿಸುತ್ತಿದ್ದೆವು, ಇದು ಗೋಡೆಗೆ ಹಾಕುವ ಒಪ್ಪೋಲೆ.

ಮುಖ್ಯರಸ್ತೆಯ ಝೆರಾಕ್ಸ್ ಅಂಗಡಿಗೆ ಮೂಲ ಫೋಟೋ ಹಿಡಿದು ನಾನೇ ಹೋದೆ. ಮೊದಲ ಪ್ರತಿ ಕಪ್ಪಾಗಿ ಬಂತು, ಹಿಂದಿನ ಸಾಲು ಮಸಿಯಾಗಿತ್ತು. ಅಂಗಡಿಯವನು ಸಾಕು ಎಂದ, ನಾನು ಸಾಲದು ಎಂದೆ. ಬೆಳಕು ಹೆಚ್ಚಿಸಿ ಮತ್ತೆ ತೆಗೆಸಿದೆ. ಬಲತುದಿಯ ಅರ್ಧ ಮುಖ ಕಾಣುವ ತನಕ ತೆಗೆಸಿದೆ. ಕೇಂದ್ರಕ್ಕೆ ಮರಳಿ, ಉಕ್ಕಿನ ಪಟ್ಟಿ ಒತ್ತಿ ಹಿಡಿದು ಚಾಕುವಿನಿಂದ ಅಂಚು ಕತ್ತರಿಸಿದೆ. ಅಂಟು ತೆಳ್ಳಗೆ ಹಚ್ಚಿ, ಮೇಲಿನಿಂದ ಕೆಳಕ್ಕೆ ಒರೆಸುತ್ತ ಕೂರಿಸಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಪೂರ್ಣ ಚಿತ್ರ ಕತ್ತರಿಸಿದ್ದಕ್ಕಿಂತ ದೊಡ್ಡದಾಗಿದ್ದರಿಂದ ಫಲಕದ ಬಲ ಅಂಚಿನಿಂದ ಎರಡು ಬೆರಳಷ್ಟು ಹೊರಗೆ ಚಾಚಿತು. ಸಂಯೋಜಕಿ ಅದನ್ನು ಕತ್ತರಿಸೋಣವೇ ಎಂದಳು. ಬೇಡ ಎಂದೆ. ಅವನು ನಿಂತದ್ದು ಆ ತುದಿಯಲ್ಲೇ.

ಆಮೇಲೆ ಕಾಕಾರನ್ನು ಕೂರಿಸಿಕೊಂಡು ಜಾವಿಯ ಪ್ರತಿಯೊಂದು ಸಾಲನ್ನೂ ಮೊದಲಿನಿಂದ ಗಟ್ಟಿಯಾಗಿ ಓದಿದೆ. ಬ್ಯಾನರ್, ಕರಪತ್ರದ ತಲೆಬರಹ, ಉಳಿದ ಫೋಟೋಗಳು. ಇನ್ನೊಂದು ತಪ್ಪು ಸಿಕ್ಕಿತು, ಕಾಫ್ ಅಕ್ಷರದ ಮೇಲಿನ ಚುಕ್ಕೆ ಮಾಸಿದ್ದಕ್ಕೆ ಗ ಇದ್ದದ್ದನ್ನು ಕ ಎಂದು ಓದಿದ್ದೆ. ಕಾಕಾ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಿದ್ದೆ ಹೋದರೆಂದು ನಾನು ನಿಲ್ಲಿಸಿದಾಗೆಲ್ಲ, “ಮುಂದ?” ಎನ್ನುತ್ತಿದ್ದರು.

ಸಂಜೆ ಫಲಕಗಳು ಗೋಡೆಗೇರಿದ ಮೇಲೆ ಸಂಯೋಜಕಿ ಫ್ಯೂರುಂಗ್ ವಿಷಯ ಎತ್ತಲು ಬಂದಳು. ಅವಳ ಕಷ್ಟ ನನಗೆ ಕಂಡಿತು. ಬೆಳಿಗ್ಗೆ ನನಗೆ ಮಾತು ಕೊಟ್ಟಿದ್ದಳು, ಅದಕ್ಕೆ ಕೊಟ್ಟ ಕಾರಣ ಈಗ ಇಲ್ಲ. ನಾನು ಬಾಯಿಪಾಠ ಮಾಡಿದ್ದು ಇಬ್ಬರ ಕಥೆ. ಆ ಇಬ್ಬರು ಈಗ ಗುಂಪಿನೊಳಗೆ ಸೇರಿಹೋಗಿದ್ದರು. ಹೊಸದನ್ನು ಒಂದು ರಾತ್ರಿಯಲ್ಲಿ ಕಲಿಯುವ ನಾಲಗೆ ನನ್ನದಲ್ಲ.

“ಕಾಕಾ ಮಾಡಲಿ,” ಎಂದೆ, ಅವಳು ಕೇಳುವ ಮೊದಲು.

ಕಾಕಾ ಕಿಟಕಿಯ ಹಿಡಿಕೆಯಿಂದ ಟೋಪಿ ತೆಗೆಯುತ್ತಿದ್ದರು. “ಮಾಡ್ತೀನ್ರಿ. ಆದ್ರ ಆ ಫೋಟೋದ ಮುಂದ ನಾ ನಿಂತಾಗ ನೀವು ಬಾಜೂಕ ನಿಂತು ಆ ಸಾಲು ಓದಬೇಕು. ಜಾವಿ ನಿಮ್ಮದು.” ಬಾಗಿಲ ತನಕ ಹೋಗಿ ತಿರುಗಿದರು. “ಎರಡು ಸಲ ಅನ್ರಿ ಮತ್ತ! ಒಂದ ಸಲ ಅಂದು ಬಿಟ್ಟ್ರ ನಾಳೆ ಒಬ್ಬನ ಉಳೀತಾನ.”

ಅವರ ನಗು ಬೀದಿಯ ತಿರುವಿನ ತನಕ ಕೇಳಿಸಿತು. ನಾಳೆ ಆ ಹೆಂಗಸು ಮುಂದಿನ ಕುರ್ಚಿಯಲ್ಲಿ ಕೂತಿರುತ್ತಾಳೆ, ಇವರ ಮಾತಿಗೆ ಕಣ್ಣೊರೆಸಿಕೊಳ್ಳುತ್ತಾಳೆ, ಆಮೇಲೆ ಎಲ್ಲರೂ ಇವರ ಸುತ್ತ ನೆರೆಯುತ್ತಾರೆ. ಗೊತ್ತಿತ್ತು. ಗೊತ್ತಿದ್ದೂ ಉರಿ ಆರಲಿಲ್ಲ.

ಒಂದು ಕೆಲಸ ಉಳಿದಿತ್ತು. ಅಚ್ಚುಕೂಟದಲ್ಲಿ ಕಡೆಯ ಪ್ರೂಫಿನ ಬೆನ್ನಿಗೆ ಇಬ್ಬರ ಸಹಿ ಬೀಳಬೇಕು, ಮೇಲೆ ರೀಡರ್, ಕೆಳಗೆ ಕಾಪಿ ಹಿಡಿದವನು. ಸಹಿಯಿಲ್ಲದ್ದು ಮುಗಿದ ಕೆಲಸವಲ್ಲ. ಕೊನೆಯ ಫಲಕವನ್ನು ಕೊಕ್ಕೆಯಿಂದ ಇಳಿಸಿ, ಬೆನ್ನು ಮೇಲೆ ಮಾಡಿ ಮಲಗಿಸಿ, ಪೆನ್ಸಿಲ್ ತೆಗೆದೆ. ಗಟ್ಟಿಯಾಗಿ ಓದಿದವನು ಯಾರು, ಕೇಳಿ ತಿದ್ದಿದವನು ಯಾರು ಎಂದು ಯೋಚಿಸಿದೆ. ಯೋಚಿಸುವುದೇನೂ ಇರಲಿಲ್ಲ, ಓದಿದವನು ನಾನು, ಕೇಳಿದವರು ಕಾಕಾ. ಮೂಲ ಹಿಡಿದು ಓದುವುದು ಹೊಸದಾಗಿ ಕೆಲಸಕ್ಕೆ ಸೇರಿದವನ ಪಾಲು. ನಾನು ಅದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಮೇಲೆ ಅವರ ಹೆಸರಿನ ಮೊದಲಕ್ಷರ ಬರೆದೆ, ಕೆಳಗೆ ನನ್ನದು. ಮೇಲಿನದನ್ನು ಒತ್ತಿ ಬರೆಯಲಿಲ್ಲ. ಆದರೆ ಓದಲು ಬರುವಂತೆ ಬರೆದೆ. ಫಲಕವನ್ನು ಮತ್ತೆ ಕೊಕ್ಕೆಗೆ ಏರಿಸಿ, ನೀರುಮಟ್ಟದ ಕೊಳವೆಯಿಟ್ಟು ನೋಡಿ, ಗೂಟದಿಂದ ಕೋಟು ತೆಗೆದುಕೊಂಡು ದೀಪ ಆರಿಸಿದೆ.